ಪೇಸ್‌ಮೇಕರ್‌ನ ಜಾಣತನ ಎಡವುವುದೆಲ್ಲಿ

ಪೇಸ್‌ಮೇಕರ್ ಹಾಕಿಸಿಕೊಂಡವರು, ಅವರ ಮನೆಯವರು, ತಾಲ್ಲೂಕು ಆಸ್ಪತ್ರೆಗಳ ವೈದ್ಯರು ಮತ್ತು ನರ್ಸ್‌ಗಳು ಸೇರಿದ್ದ ಮಂಡ್ಯದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಪೇಸ್‌ಮೇಕರ್, ಅಂದರೆ ಹೃದಯಕ್ಕೆ ವಿದ್ಯುತ್ತಿನ ಬಡಿತ ಕೊಡುವ ಪುಟ್ಟ ಮಿಷನ್, ಹಾಕಿಸಿಕೊಂಡು ಕೆಲವು ತಿಂಗಳಾದ ಮೇಲೆ ಒಬ್ಬರಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು ಅಂದುಕೊಳ್ಳಿ. ಮನೆಯವರಿಗೆ ಹೊಳೆಯುವುದು ಎರಡೇ ಕಾರಣ: ಕಾಯಿಲೆ ಜಾಸ್ತಿಯಾಯಿತು, ಇಲ್ಲವೇ ಮಿಷನ್ ಕೆಟ್ಟುಹೋಯಿತು. ಮೂರನೆಯ ಕಾರಣವೂ ಒಂದಿದೆ, ಇವತ್ತಿನ ಮಾತೆಲ್ಲ ಅದರ ಸುತ್ತಲೇ. ಹೃದಯ ಮೊದಲಿದ್ದಂತೆಯೇ ಇದೆ, ಮಿಷನ್ನೂ ನೆಟ್ಟಗಿದೆ. ತನಗೆ ಹೇಳಿಕೊಟ್ಟ ನಿಯಮವನ್ನು ಮಿಷನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ, ಆ ನಿಯಮ ಆ ಹೊತ್ತಿಗೆ ಆ ಹೃದಯಕ್ಕೆ ಒಗ್ಗುತ್ತಿಲ್ಲ. ಹೀಗಾದಾಗ ಮಾತ್ರೆ ಹೆಚ್ಚಿಸುವುದರಿಂದ ಪ್ರಯೋಜನ ಕಡಿಮೆ. ಪ್ರೋಗ್ರಾಮರ್, ಅಂದರೆ ಪೇಸ್‌ಮೇಕರ್‌ನ ಸೆಟ್ಟಿಂಗ್ ಓದಿ ಬದಲಿಸುವ ಯಂತ್ರದ ಮುಂದೆ ಕೂರಿಸಿ ಒಂದೆರಡು ಸೆಟ್ಟಿಂಗ್ ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ.

1958ರಲ್ಲಿ ಸ್ವೀಡನ್‌ನ ಆರ್ನೆ ಲಾರ್ಸನ್ ಎಂಬುವವರ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟಾಗ ಈ ತಾಪತ್ರಯ ಇರಲಿಲ್ಲ. ಆ ಡಬ್ಬಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಗೊತ್ತಾದ ವೇಗದಲ್ಲಿ ಬಡಿತ ಕೊಡುತ್ತಾ ಹೋಗುವುದು. ಹೃದಯ ತಾನೇ ಬಡಿಯುತ್ತಿದೆಯೋ ಇಲ್ಲವೋ ಎಂದು ಅದು ನೋಡುತ್ತಿರಲಿಲ್ಲ. ಅದು ಕೆಲವೇ ಗಂಟೆ ನಡೆಯಿತು, ಲಾರ್ಸನ್ ಮಾತ್ರ ಮುಂದೆ ಬಂದ ಡಬ್ಬಿಗಳನ್ನು ಒಂದಾದ ಮೇಲೊಂದು ಹಾಕಿಸಿಕೊಂಡು 2001ರವರೆಗೆ ಬದುಕಿದರು. ಇವತ್ತಿನ ಡಬ್ಬಿ ಹೃದಯದ ಮೇಲ್ಕೋಣೆಗೊಂದು, ಕೆಳಕೋಣೆಗೊಂದು ತಂತಿ ಬಿಟ್ಟುಕೊಂಡು ಎರಡೂ ಕಡೆ ಕಿವಿಗೊಟ್ಟು ಕೇಳುತ್ತದೆ. ಮೇಲ್ಕೋಣೆ ಮಿಡಿದರೆ ಸ್ವಲ್ಪ ಕಾದು, ಕೆಳಕೋಣೆ ಹಿಂಬಾಲಿಸದಿದ್ದರೆ ತಾನೇ ಬಡಿತ ಕೊಡುತ್ತದೆ. ನಿಮ್ಮ ಪೇಸ್‌ಮೇಕರ್ ಕಾರ್ಡಿನ ಮೇಲೆ ಡಿಡಿಡಿ ಅಂತ ಬರೆದಿದ್ದರೆ ಅರ್ಥ ಇದೇ. ಕೊನೆಯಲ್ಲಿ ಆರ್ ಅಕ್ಷರ ಇದ್ದರೆ, ಓಡಾಟಕ್ಕೆ ತಕ್ಕಂತೆ ವೇಗ ಏರಿಸುವ ಸೆನ್ಸರ್ ಕೂಡ ಕೆಲಸದಲ್ಲಿದೆ ಎಂದು.

ಕಿವಿಗೊಟ್ಟು ಕೇಳುವ ಯಂತ್ರ ಯಾವಾಗ ಕಿವಿ ಮುಚ್ಚಿಕೊಳ್ಳಬೇಕು ಎಂಬುದೇ ಇಲ್ಲಿನ ದೊಡ್ಡ ಪ್ರಶ್ನೆ. ಕೆಳಕೋಣೆ ತಾನೇ ಬಡಿದ ಮೇಲೆ ಅಥವಾ ಅದಕ್ಕೆ ಬಡಿತ ಕೊಟ್ಟ ಮೇಲೆ ಮೇಲ್ಕೋಣೆಯ ತಂತಿಯಲ್ಲಿ ಏನು ಕೇಳಿಸಿದರೂ ಸ್ವಲ್ಪ ಹೊತ್ತು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಡಬ್ಬಿಗೆ ಹೇಳಿರುತ್ತಾರೆ. ವೈದ್ಯರು ಇದನ್ನು ಪಿವಿಎಆರ್‌ಪಿ ಅನ್ನುತ್ತಾರೆ, ನಾವು ಇವತ್ತಿಗೆ ಕಿವುಡು ಅವಧಿ ಅನ್ನೋಣ. ಸಾಮಾನ್ಯವಾಗಿ 250 ಮಿಲಿಸೆಕೆಂಡ್ ಆಸುಪಾಸು, ಅಂದರೆ ಕಾಲು ಸೆಕೆಂಡ್. ಇದು ಕಡಿಮೆಯಾದರೆ ಒಂದು ತೊಂದರೆ, ಜಾಸ್ತಿಯಾದರೆ ಇನ್ನೊಂದು.

ಮೊದಲು ಕಡಿಮೆಯಾದಾಗ ಆಗುವುದನ್ನು ನೋಡೋಣ. ಮೇಲಿನಿಂದ ಕೆಳಕ್ಕೆ ವಿದ್ಯುತ್ತಿನ ದಾರಿ ಪೂರ್ತಿ ಕಟ್ಟಿಹೋದವರಲ್ಲೂ ಕೆಲವರಿಗೆ ಕೆಳಗಿನಿಂದ ಮೇಲಕ್ಕೆ ದಾರಿ ತೆರೆದೇ ಇರುತ್ತದೆ. ಹೃದಯದ ಸಹಜ ಬಡಿತ ಹುಟ್ಟುವ ಜಾಗ, ಸೈನಸ್ ನೋಡ್, ದುರ್ಬಲವಾದ ಕಾರಣಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲಿ ಇದು ಇನ್ನೂ ಸಾಮಾನ್ಯ. ಅಂಥವರಿಗೆ ಕೆಳಕೋಣೆಯಿಂದ ಒಂದು ಅಕಾಲದ ಬಡಿತ ಬಂತು ಅನ್ನಿ. ಆ ಮಿಡಿತ ಹಿಂದಕ್ಕೆ ಹತ್ತಿ 280 ಮಿಲಿಸೆಕೆಂಡಿಗೆ ಮೇಲ್ಕೋಣೆ ಮುಟ್ಟುತ್ತದೆ. ಕಿವುಡು ಅವಧಿ 250ಕ್ಕೇ ಮುಗಿದಿದೆ, ಡಬ್ಬಿಗೆ ಅದು ಕೇಳಿಸುತ್ತದೆ. ಅದರ ಕಣ್ಣಿಗೆ ಇದೊಂದು ಸಹಜ ಮೇಲ್ಕೋಣೆ ಬಡಿತ. ನಿಯಮದಂತೆ 150 ಮಿಲಿಸೆಕೆಂಡ್ ಕಾದು ಕೆಳಕೋಣೆಗೆ ಬಡಿತ ಕೊಡುತ್ತದೆ. ಆ ಬಡಿತವೂ ಹಿಂದಕ್ಕೆ ಹತ್ತುತ್ತದೆ, ಮತ್ತೆ 280, ಮತ್ತೆ 150. ಒಂದು ಸುತ್ತಿಗೆ 430 ಮಿಲಿಸೆಕೆಂಡ್, ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 140. ಡಬ್ಬಿಯ ಮೇಲ್ಮಿತಿ, ಅಂದರೆ ಅದು ಹಿಂಬಾಲಿಸಬಹುದಾದ ಅತಿ ಹೆಚ್ಚಿನ ವೇಗ, 130 ಎಂದು ಇಟ್ಟಿದ್ದರೆ ಅದು ತನ್ನ ಕಾಯುವ ಹೊತ್ತನ್ನು ತುಸು ಎಳೆದು 130ಕ್ಕೆ ನಿಲ್ಲಿಸಿಕೊಳ್ಳುತ್ತದೆ. ಹೃದಯ ಅರ್ಧ ಸುತ್ತು, ಯಂತ್ರ ಅರ್ಧ ಸುತ್ತು, ಇಬ್ಬರೂ ಸೇರಿ ನಡೆಸುವ ಈ ಓಟಕ್ಕೆ ಪಿಎಂಟಿ ಎಂದು ಹೆಸರು, ಪೇಸ್‌ಮೇಕರ್‌ನ ಪಾಲೂ ಇರುವ ಟಾಕಿಕಾರ್ಡಿಯಾ, ಅಂದರೆ ಅತಿವೇಗದ ಬಡಿತ.

ಇದರ ಗುರುತು ಸುಲಭ. ಮಲಗಿದ್ದರೂ ನಾಡಿ 130ಕ್ಕೆ ಬಂದು ಅಲ್ಲಿಗೇ ಅಂಟಿಕೊಂಡಿರುತ್ತದೆ, ಕಾರ್ಡಿನಲ್ಲಿ ಮೇಲ್ಮಿತಿಯೂ 130 ಎಂದೇ ಇರುತ್ತದೆ. ಭಯಕ್ಕೋ ಜ್ವರಕ್ಕೋ ಏರಿದ ನಾಡಿ ಹೀಗೆ ಒಂದೇ ಅಂಕಿಗೆ ನಿಲ್ಲುವುದಿಲ್ಲ. ಇಸಿಜಿಯಲ್ಲಿ ಕೆಳಕೋಣೆಯ ಬಡಿತಗಳು ಅಗಲವಾಗಿ ಕಾಣುವುದರಿಂದ ವಿಟಿ, ಅಂದರೆ ಕೆಳಕೋಣೆಯಲ್ಲೇ ಹುಟ್ಟುವ ಅಪಾಯದ ಓಟ, ಎಂದು ಗಾಬರಿಯಾಗುವುದುಂಟು. ಅಡಿನೋಸಿನ್ ಎಂಬ ಔಷಧ ಕೊಟ್ಟರೆ ಹಿಂದಕ್ಕೆ ಹತ್ತುವ ದಾರಿ ಒಂದು ಗಳಿಗೆ ಮುಚ್ಚಿ ಓಟ ನಿಲ್ಲುತ್ತದೆ. ಆಗ ಎಸ್‌ವಿಟಿ (ಕೆಳಕೋಣೆಗಿಂತ ಮೇಲೆ ಹುಟ್ಟುವ ಓಟ) ಎಂದು ಚೀಟಿ ಬರೆದು ಕಳಿಸಿಬಿಟ್ಟರೆ ನಿಜವಾದ ಕಾರಣ ಹಾಗೇ ಉಳಿದುಬಿಡುತ್ತದೆ.

ಶುರು ಮಾಡುವುದು ಅಕಾಲದ ಬಡಿತವೊಂದೇ ಅಲ್ಲ. ಮೇಲ್ಕೋಣೆಯ ತಂತಿ ಸ್ವಲ್ಪ ಜರುಗಿ ಅದರ ಬಡಿತ ಹಿಡಿಯದೆ ಹೋದರೂ ಆಗುತ್ತದೆ. ಕೆಳಕೋಣೆಗೆ ಅನಗತ್ಯ ಬಡಿತ ಕೊಡುವುದು ಬೇಡವೆಂದು ಕಾಯುವ ಹೊತ್ತನ್ನು ತಾನೇ ಉದ್ದ ಮಾಡಿ ನೋಡುವ ಕಾರ್ಯವೊಂದು ಡಬ್ಬಿಗಳಲ್ಲಿ ಇರುತ್ತದೆ. ಆ ಉದ್ದದ ಕಾಯುವಿಕೆಯಲ್ಲಿ ಮೇಲ್ಕೋಣೆ ಸುಧಾರಿಸಿಕೊಂಡು, ಹಿಂದಕ್ಕೆ ಹತ್ತುವ ಮಿಡಿತವನ್ನು ಬರಮಾಡಿಕೊಳ್ಳಲು ತಯಾರಾಗಿಬಿಡುತ್ತದೆ. ಒಂದು ಒಳ್ಳೆಯ ಉದ್ದೇಶದ ಕಾರ್ಯ ಇನ್ನೊಂದು ತೊಂದರೆಗೆ ಬಾಗಿಲು ತೆಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪರಿಹಾರ ಸುಲಭ ಅನ್ನಿಸುತ್ತದೆ, ಕಿವುಡು ಅವಧಿ ಉದ್ದ ಮಾಡಿ. ಚೆಕಪ್‌ನಲ್ಲಿ ಕೆಳಕೋಣೆಯನ್ನು ಮಾತ್ರ ಸ್ವಲ್ಪ ವೇಗವಾಗಿ ಬಡಿಸಿ, ಮಿಡಿತ ಹಿಂದಕ್ಕೆ ಹತ್ತಲು ಎಷ್ಟು ಹೊತ್ತು ಬೇಕು ಎಂದು ಅಳೆಯಬಹುದು. 280 ಬಂದರೆ ಐವತ್ತು ಸೇರಿಸಿ 330ಕ್ಕೆ ಇಡುತ್ತಾರೆ. ಇದಕ್ಕೂ ಬೆಲೆ ತೆರಬೇಕು. ಕಾಯುವ 150, ಕಿವುಡು 330, ಕೂಡಿದರೆ 480 ಮಿಲಿಸೆಕೆಂಡ್. ಅಂದರೆ ಮೇಲ್ಕೋಣೆ ನಿಮಿಷಕ್ಕೆ 125 ದಾಟಿತೋ, ಎರಡು ಬಡಿತಕ್ಕೊಂದು ಡಬ್ಬಿಗೆ ಕೇಳಿಸುವುದೇ ಇಲ್ಲ. ಯಾರೋ ಧಾರಾಳವಾಗಿ 400ಕ್ಕೆ ಇಟ್ಟುಬಿಟ್ಟರೆ ಈ ಗಡಿ 109ಕ್ಕೇ ಬಂದು ನಿಲ್ಲುತ್ತದೆ. ಮನೆಯೊಳಗೆ ಓಡಾಡುವ ಎಂಬತ್ತರ ಅಜ್ಜನಿಗೆ ಇದು ಗೊತ್ತೇ ಆಗದಿರಬಹುದು. ಕಬ್ಬು ಕಡಿಯುವ ನಲವತ್ತೈದರ ಆಳಿಗೆ ಹೊರೆ ಎತ್ತಿದಾಗ ಹೃದಯ 110ಕ್ಕೆ ಹೋಗುತ್ತಿದ್ದ ಹಾಗೆ ನಾಡಿ ಒಮ್ಮೆಗೇ ಹೆಚ್ಚೂಕಡಿಮೆ ಅರ್ಧಕ್ಕೆ ಬಿದ್ದು ಕಣ್ಣು ಕತ್ತಲೆ ಬರುತ್ತದೆ. ಅದಕ್ಕೇ ಮೇಲ್ಮಿತಿಯನ್ನು ಆ ಗಡಿಗಿಂತ ಕೆಳಗೆ ಇಡಬೇಕು. ವೇಗ ಹೆಚ್ಚಿದಂತೆ ಈ ಎರಡೂ ಅವಧಿಗಳನ್ನು ತಾನೇ ಕುಗ್ಗಿಸಿಕೊಳ್ಳುವ ಸೌಲಭ್ಯ ಇದ್ದರೆ ಅದನ್ನೂ ಹಾಕಬೇಕು. ಚೆಕಪ್ ಮಾಡಿಸುವಾಗ ನಿಮ್ಮ ಕಸುಬು ಏನು ಎಂದು ಹೇಳಿ ಅನ್ನುವುದು ಇದಕ್ಕೇ.

ಪಿಎಂಟಿಯನ್ನು ತಾನೇ ಗುರುತಿಸಿ ಮುರಿಯುವ ಕಾರ್ಯವೂ ಬಹುತೇಕ ಡಬ್ಬಿಗಳಲ್ಲಿದೆ. ಕಂಪನಿಗೆ ತಕ್ಕಂತೆ ಎಂಟೋ ಹದಿನಾರೋ ಬಡಿತ ಒಂದೇ ರೀತಿ ಬಂದರೆ ಒಂದು ಸಲ ಕಿವುಡು ಅವಧಿಯನ್ನು 400 ಅಥವಾ 500ಕ್ಕೆ ಎಳೆದು ಸುತ್ತು ತುಂಡರಿಸುತ್ತದೆ. ನಿಜವಾಗಿಯೂ ಜೋರಾಗಿ ನಡೆಯುತ್ತಿರುವವರಲ್ಲಿ ಕೆಲವೊಮ್ಮೆ ಅದಕ್ಕೆ ಮೋಸವಾಗಿ, ಸುಮ್ಮಸುಮ್ಮನೆ ಒಂದೊಂದು ಬಡಿತ ಬಿಟ್ಟುಹೋಗುತ್ತದೆ. ಎದೆಯಲ್ಲಿ ಆಗಾಗ ಧಸಕ್ ಅಂದಂತೆ ಆಗುವುದು ಇದರಿಂದಲೂ ಇರಬಹುದು.

ಕಿವುಡು ಅವಧಿ ಉದ್ದವಾದಾಗ ಬರುವ ಇನ್ನೊಂದು ತೊಂದರೆ ಪಿಎಂಟಿಯ ದಾಯಾದಿ, ಆದರೆ ಸದ್ದು ಮಾಡುವುದಿಲ್ಲ. ಹಿಂದಕ್ಕೆ ಹತ್ತಿದ ಮಿಡಿತ ಈಗ ಕಿವುಡು ಅವಧಿಯೊಳಗೇ ಬೀಳುತ್ತದೆ, ಡಬ್ಬಿ ಅದನ್ನು ಹಿಂಬಾಲಿಸುವುದಿಲ್ಲ. ಆದರೆ ತನ್ನ ಗಡಿಯಾರದ ಪ್ರಕಾರ ಸ್ವಲ್ಪ ಹೊತ್ತಿಗೇ ಮೇಲ್ಕೋಣೆಗೆ ಬಡಿತ ಕೊಡುತ್ತದೆ. ಈಗತಾನೇ ಮಿಡಿದ ಸ್ನಾಯು ಅದನ್ನು ಸ್ವೀಕರಿಸುವ ಸ್ಥಿತಿಯಲ್ಲಿಲ್ಲ, ಬಡಿತ ವ್ಯರ್ಥ. ನಂತರ ಕೆಳಕೋಣೆಗೆ ಬಡಿತ, ಅದು ಮತ್ತೆ ಹಿಂದಕ್ಕೆ, ಮತ್ತೆ ಅದೇ ಕಥೆ. ನಾಡಿ 80ರಲ್ಲಿ ಶಾಂತವಾಗಿ ನಡೆಯುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಒಳಗೆ ಮಾತ್ರ ಮೇಲ್ಕೋಣೆ ಮುಚ್ಚಿದ ಕವಾಟದ ಎದುರು ಹಿಂಡುತ್ತಿರುತ್ತದೆ. ಕುತ್ತಿಗೆಯಲ್ಲಿ ಬಡಿದಂತಾಗುವುದು, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ತಪ್ಪು ಹೊತ್ತಿಗೆ ಬಿದ್ದ ಅಂಥ ಬಡಿತ ಮೇಲ್ಕೋಣೆಯ ಕಂಪನವನ್ನು, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ ಅನ್ನು, ಎಬ್ಬಿಸುವ ಸಾಧ್ಯತೆಯೂ ಇದೆ. ಕೆಳಮಿತಿ, ಅಂದರೆ ಡಬ್ಬಿ ಕಾಯ್ದುಕೊಳ್ಳುವ ಅತಿ ಕಡಿಮೆ ವೇಗ, ಜಾಸ್ತಿ ಇದ್ದು, ಕಾಯುವ ಹೊತ್ತೂ ಉದ್ದವಾಗಿ, ಸೆನ್ಸರ್ ಬೇರೆ ಆನ್ ಇದ್ದವರಲ್ಲಿ ಇದಕ್ಕೆ ಅವಕಾಶ ಹೆಚ್ಚು. ಮದ್ದು ಪಿಎಂಟಿಗೆ ಮಾಡಿದ್ದಕ್ಕೆ ತದ್ವಿರುದ್ಧ: ಕಿವುಡು ಅವಧಿ ತಗ್ಗಿಸಬೇಕು, ಕೆಳಮಿತಿ ಇಳಿಸಬೇಕು, ಕಾಯುವ ಹೊತ್ತನ್ನು ಗಿಡ್ಡ ಮಾಡಬೇಕು. ಹಿಂದಕ್ಕೆ ಹತ್ತುವ ದಾರಿ ತೆರೆದಿರುವವರಿಗೆ ಸೆಟ್ಟಿಂಗ್ ಮಾಡುವುದು ಕೈ ಹಿಡಿದು ಮಾಡಬೇಕಾದ ಕೆಲಸ, ಕಾರ್ಖಾನೆಯಿಂದ ಬಂದ ಅಂಕಿಗಳನ್ನೇ ಬಿಟ್ಟರೆ ಆಗುವುದಿಲ್ಲ.

ಇನ್ನು ಸೆನ್ಸರ್ ವಿಷಯ. ಬಹಳಷ್ಟು ಡಬ್ಬಿಗಳಲ್ಲಿ ಇರುವುದು ಮೈಯ ಅಲುಗಾಟ ಅಳೆಯುವ ಸೆನ್ಸರ್. ಅದಕ್ಕೆ ಆಯಾಸ ಗೊತ್ತಿಲ್ಲ, ಅಲುಗಾಟ ಮಾತ್ರ ಗೊತ್ತು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಹೃದಯಕ್ಕೆ ನಿಜಕ್ಕೂ ವೇಗ ಬೇಕು. ನಿಧಾನವಾಗಿ ಹೆಜ್ಜೆ ಎತ್ತಿಡುವುದರಿಂದ ಸೆನ್ಸರ್ ಅಷ್ಟಾಗಿ ಏರಿಸುವುದಿಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈ ಕುಲುಕುತ್ತದೆ, ಬೇಡದಿದ್ದರೂ ವೇಗ ಏರುತ್ತದೆ. ಸೈಕಲ್ ತುಳಿದರೆ ಎದೆಯ ಭಾಗ ಅಲ್ಲಾಡದೆ ಇರುವುದರಿಂದ ಕಷ್ಟ ಎಷ್ಟಿದ್ದರೂ ಅದಕ್ಕೆ ತಿಳಿಯದು. ಇಷ್ಟಾಗಿ ಸೈನಸ್ ನೋಡ್ ಚೆನ್ನಾಗಿದ್ದು ಕೇವಲ ದಾರಿ ಕಟ್ಟಿದವರಿಗೆ ಈ ಸೆನ್ಸರ್ ಬೇಕಾಗಿಯೇ ಇರುವುದಿಲ್ಲ, ಸುಮ್ಮನೆ ಆನ್ ಮಾಡಿಟ್ಟಿರುತ್ತಾರೆ. ಹೃದಯದ ರಕ್ತನಾಳದಲ್ಲಿ ಅಡ್ಡಿ ಇರುವವರಿಗೆ ಸೆನ್ಸರ್ ಏರಿಸಿದ ವೇಗವೇ ಎದೆನೋವು ತರಬಹುದು.

ಉಸಿರಾಟ ಅಳೆಯುವ ಸೆನ್ಸರ್ ಬೇರೆ ಜಾತಿ. ತಂತಿಯಿಂದ ಡಬ್ಬಿಗೆ ಅತಿ ಸಣ್ಣ ವಿದ್ಯುತ್ತು ಹರಿಸಿ, ಎದೆ ಹಿಗ್ಗಿ ಕುಗ್ಗಿದಂತೆ ತಡೆ ಎಷ್ಟು ಬದಲಾಗುತ್ತದೆ ಎಂದು ನೋಡುತ್ತದೆ. ಐಸಿಯು ಮಾನಿಟರ್‌ಗಳೂ ಉಸಿರಾಟ ಎಣಿಸಲು ಇದೇ ಉಪಾಯ ಬಳಸುತ್ತವೆ. ಎರಡೂ ಒಂದರೊಳಗೊಂದು ಬೆರೆತರೆ, ರೋಗಿ ಅಲ್ಲಾಡದೆ ಮಲಗಿದ್ದರೂ ಪೇಸ್‌ಮೇಕರ್ 120ಕ್ಕೆ, 130ಕ್ಕೆ ಏರಿಬಿಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನರ್ಸ್‌ಗಳು ಗಮನಿಸಬೇಕು: ಮಾನಿಟರ್ ಹಚ್ಚಿದ ಕೂಡಲೇ ವೇಗ ಏರಿತೇ? ಮಾನಿಟರ್‌ನಲ್ಲಿ ಉಸಿರಾಟದ ಎಣಿಕೆ ಆಫ್ ಮಾಡಿ ನೋಡಿ. ಆಪರೇಶನ್ನಿಗೆ ಮೊದಲು ಆ ಸೆನ್ಸರನ್ನೇ ಆಫ್ ಮಾಡಿಬಿಡುವುದು ಕ್ಷೇಮ.

ಈಗ ಗಂಭೀರವಾದ ಒಂದು ಮಾತು. ಕೆಳಕೋಣೆಯ ಬಲಭಾಗಕ್ಕೆ ಸದಾ ಬಡಿತ ಕೊಡುವುದು ಹೃದಯಕ್ಕೆ ಒಳ್ಳೆಯದಲ್ಲ. ಮೋಸ್ಟ್ ಎಂಬ ದೊಡ್ಡ ಅಧ್ಯಯನದ 2003ರ ವಿಶ್ಲೇಷಣೆಯಲ್ಲಿ, ಸೈನಸ್ ನೋಡ್ ಕಾಯಿಲೆಯವರಿಗೆ ಡಿಡಿಡಿಆರ್ ವಿಧಾನದಲ್ಲಿ ಅಂಥ ಬಡಿತ ಶೇಕಡ 40ಕ್ಕಿಂತ ಹೆಚ್ಚಾದಾಗ ಹೃದಯ ಸೋತು ಆಸ್ಪತ್ರೆ ಸೇರುವ ಅಪಾಯ ಏರಿದ್ದು ಕಂಡಿತು, ಏಟ್ರಿಯಲ್ ಫಿಬ್ರಿಲೇಶನ್ನೂ ಬಡಿತದ ಪ್ರಮಾಣದ ಜೊತೆಜೊತೆಗೇ ಹೆಚ್ಚಿತು. ಅದಕ್ಕೇ ಕೆಳಕೋಣೆಯನ್ನು ಆದಷ್ಟು ಅದರ ಪಾಡಿಗೆ ಬಿಡುವ ಕಾರ್ಯಗಳು ಬಂದವು. ಇವು ಮೇಲ್ಕೋಣೆಗೆ ಮಾತ್ರ ಬಡಿತ ಕೊಡುತ್ತಾ, ಕೆಳಗೆ ಒಂದು ಬಡಿತ ತಪ್ಪಿದರೂ ತಾಳಿಕೊಂಡು, ತಪ್ಪುವುದು ಮುಂದುವರಿದರೆ ಮಾತ್ರ ಎರಡೂ ಕೋಣೆಯ ಕೆಲಸಕ್ಕೆ ಇಳಿಯುತ್ತವೆ. ಬಹುಜನರಿಗೆ ಇದರಿಂದ ಲಾಭವೇ.

ಅಪಾಯ ಇರುವುದು ಆ ತಾಳ್ಮೆಯಲ್ಲಿ. ಕೆಳಮಿತಿ 60 ಇದ್ದಾಗ ಒಂದು ಬಡಿತ ತಪ್ಪಿದರೆ ಕೆಳಕೋಣೆ ಎರಡು ಸೆಕೆಂಡಿಗೂ ತುಸು ಹೆಚ್ಚು ಸುಮ್ಮನಿರಬಹುದು. ಒಂದು ಗಿಡ್ಡ ಅಂತರ, ಆಮೇಲೆ ಈ ಉದ್ದ ಅಂತರ, ಅದರ ಬೆನ್ನಿಗೇ ಮತ್ತೊಂದು ಗಿಡ್ಡ ಅಂತರದ ಬಡಿತ. ಈ ಗಿಡ್ಡ, ಉದ್ದ, ಗಿಡ್ಡ ಸರಣಿಯೇ ಕೆಲವರಲ್ಲಿ ಕೆಳಕೋಣೆಯ ಮಾರಕ ಓಟಕ್ಕೆ, ಅದರದೇ ಒಂದು ಬಗೆಯಾದ ಟಾರ್ಸೇಡ್‌ಗೂ ಕೂಡ, ಕಿಡಿ ಹಚ್ಚುತ್ತದೆ. ಇಸಿಜಿಯಲ್ಲಿ ಕ್ಯೂಟಿ (ಕೆಳಕೋಣೆ ಮಿಡಿದು ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು) ಉದ್ದವಿರುವವರು, ಪೊಟ್ಯಾಸಿಯಂ ಅಥವಾ ಮೆಗ್ನೀಸಿಯಂ ಇಳಿದಿರುವವರು, ಸೋಟಲಾಲ್‌ನಂಥ, ಬಡಿತದ ಲಯ ಸರಿಪಡಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಪಂಪಿಂಗ್ ಕುಗ್ಗಿದವರು ಇಲ್ಲಿ ಎಚ್ಚರವಾಗಿರಬೇಕು. ಮೂತ್ರ ಹೋಗಿಸುವ ಮಾತ್ರೆ ನುಂಗುತ್ತಿದ್ದು, ವಾಂತಿ ಭೇದಿ ಹತ್ತಿಕೊಂಡರೆ ಪೊಟ್ಯಾಸಿಯಂ ಇಳಿಯುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಇಂಥವರಿಗೆ ಆ ಕಾರ್ಯವನ್ನು ಆಫ್ ಮಾಡಿ, ಮಾಮೂಲಿ ಡಿಡಿಡಿಗೆ ತಂದು, ಕೆಳಮಿತಿಯನ್ನು 70ಕ್ಕೋ 80ಕ್ಕೋ ಏರಿಸುವುದು ವಾಡಿಕೆ. ಕೆಳಕೋಣೆಗೆ ಬಡಿತ ಹೆಚ್ಚಾದರೂ ಪರವಾಗಿಲ್ಲ, ಇಲ್ಲಿ ಯಾವ ಅಪಾಯ ದೊಡ್ಡದು ಎಂದು ತೂಗಿ ನೋಡಲೇಬೇಕು.

ಮೋಡ್ ಸ್ವಿಚ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. ಮೇಲ್ಕೋಣೆ ಕಂಪಿಸತೊಡಗಿದರೆ ಅದನ್ನು ಹಿಂಬಾಲಿಸುವುದನ್ನು ಡಬ್ಬಿ ಬಿಟ್ಟುಬಿಡಬೇಕು. ಮೇಲ್ಕೋಣೆ ಒಂದೇ ಲಯದಲ್ಲಿ ಅತಿವೇಗವಾಗಿ ಮಿಡಿಯುವ ಏಟ್ರಿಯಲ್ ಫ್ಲಟರ್‌ನಲ್ಲಿ ಎರಡು ಅಲೆಗೊಂದು ಕಿವಿ ಪೂರ್ತಿ ಮುಚ್ಚಿದ ಹೊತ್ತಿನಲ್ಲಿ ಬಿದ್ದರೆ, 250 ಇರುವುದನ್ನು ಡಬ್ಬಿ 125 ಎಂದು ಎಣಿಸಿ ಹಿಂಬಾಲಿಸುತ್ತಲೇ ಇರುತ್ತದೆ. ಇದಕ್ಕೆ ವಿರುದ್ಧ ತಪ್ಪೂ ಉಂಟು. ಮೇಲ್ಕೋಣೆಯ ತಂತಿಗೆ ಕೆಳಕೋಣೆಯ ಸದ್ದು ದೂರದಿಂದ ಕೇಳಿಸಿ, ಒಂದನ್ನು ಎರಡೆಂದು ಎಣಿಸಿ, ಇಲ್ಲದ ಕಂಪನಕ್ಕೆ ಮೋಡ್ ಬದಲಿಸುತ್ತದೆ. ಡಬ್ಬಿಯ ದಾಖಲೆಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಇಷ್ಟು ಗಂಟೆ ಎಂದು ಬಂದ ಮಾತ್ರಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಶುರು ಮಾಡಬಾರದು. ಒಳಗಿನ ರೆಕಾರ್ಡಿಂಗ್ ತೆರೆದು ಅಲೆಗಳನ್ನು ಕಣ್ಣಾರೆ ನೋಡಬೇಕು.

ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರೋಗ್ರಾಮರ್ ಇರುವುದಿಲ್ಲ, ಒಪ್ಪೋಣ. ಉಂಗುರದಾಕಾರದ ಒಂದು ಮ್ಯಾಗ್ನೆಟ್ ಇದ್ದರೂ ಬಹಳ ತಿಳಿಯುತ್ತದೆ. ಮೊದಲು ಕಾರ್ಡ್ ನೋಡಿ ಇದು ಪೇಸ್‌ಮೇಕರ್ ಹೌದೇ, ಶಾಕ್ ಕೊಡುವ ಐಸಿಡಿ ಅಲ್ಲವೇ ಎಂದು ಖಚಿತ ಮಾಡಿಕೊಳ್ಳಿ. ಐಸಿಡಿ ಮೇಲೆ ಮ್ಯಾಗ್ನೆಟ್ ಇಟ್ಟರೆ ಸಾಮಾನ್ಯವಾಗಿ ಶಾಕ್ ನಿಲ್ಲುತ್ತದೆ, ಬಡಿತ ಕೊಡುವ ವಿಧಾನ ಬದಲಾಗುವುದಿಲ್ಲ. ಹೊರಗಿನಿಂದ ಶಾಕ್ ಕೊಡುವ ಡೀಫಿಬ್ರಿಲೇಟರ್ ಪಕ್ಕದಲ್ಲಿರಲಿ. ಹನ್ನೆರಡು ಲೀಡ್ ಇಸಿಜಿ ತೆಗೆದು, ಉದ್ದದ ಪಟ್ಟಿ ಓಡುತ್ತಿರುವಾಗಲೇ ಡಬ್ಬಿಯ ಮೇಲೆ ಮ್ಯಾಗ್ನೆಟ್ ಇಡಿ. ಪೇಸ್‌ಮೇಕರ್ ಕೇಳುವುದನ್ನು ನಿಲ್ಲಿಸಿ ಒಂದೇ ವೇಗಕ್ಕೆ ಬರುತ್ತದೆ, ಕಂಪನಿಗೆ ತಕ್ಕಂತೆ 85, 90 ಅಥವಾ 100. ಓಟ ಮುರಿದು, ಮ್ಯಾಗ್ನೆಟ್ ತೆಗೆದ ಮೇಲೂ ಮರಳದಿದ್ದರೆ ಪಿಎಂಟಿ. ಇಟ್ಟಾಗ ಇಳಿದು ತೆಗೆದಾಗ ಮತ್ತೆ ಏರಿದರೆ ಮೇಲ್ಕೋಣೆಯ ಕಂಪನವನ್ನು ಹಿಂಬಾಲಿಸುತ್ತಿದೆ, ಇಲ್ಲವೇ ಸೆನ್ಸರ್ ಏರಿಸಿದ ವೇಗ. ಇಟ್ಟರೂ ಓಟ ಕದಲದಿದ್ದರೆ ಅದು ಹೃದಯದ್ದೇ, ಅದಕ್ಕೆ ತಕ್ಕ ಚಿಕಿತ್ಸೆಯನ್ನು ತಡಮಾಡದೆ ಶುರು ಮಾಡಿ. ಆ ಪಟ್ಟಿಯನ್ನು ರೋಗಿಯ ಜೊತೆಗೇ ಕಳಿಸಿ, ಮೈಸೂರಿನಲ್ಲಿ ಪ್ರೋಗ್ರಾಮರ್ ಮುಂದೆ ಕೂತವರಿಗೆ ಅರ್ಧ ಕೆಲಸ ಆದಂತೆ. ಮ್ಯಾಗ್ನೆಟ್ಟನ್ನು ಅಗತ್ಯವಿರುವಷ್ಟು ಹೊತ್ತು ಮಾತ್ರ ಇಡಿ. ಹೃದಯದ ಸ್ವಂತ ಬಡಿತ ನೋಡದೆ ಕೊಟ್ಟ ಬಡಿತ ತಪ್ಪು ಹೊತ್ತಿಗೆ ಬಿದ್ದರೆ, ಹೃದಯಾಘಾತದ ನಡುವೆ ಇರುವವರಲ್ಲಿ ಅದೇ ಅಪಾಯ.

ಮನೆಯವರು ಮಾಡಬೇಕಾದದ್ದು ಕಡಿಮೆ. ನಾಡಿಯನ್ನು ಪೂರಾ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ, ಗಂಟೆ ಮತ್ತು ಆಗ ಮಾಡುತ್ತಿದ್ದ ಕೆಲಸ ಬರೆದಿಡಿ. ಪ್ರತಿ ಚೆಕಪ್ ಆದ ಮೇಲೆ ಕೊನೆಯ ಸೆಟ್ಟಿಂಗ್‌ಗಳ ಪ್ರಿಂಟ್ ಕೇಳಿ ಪಡೆಯಿರಿ. ನಾಡಿ ರಾತ್ರಿ 50 ಇದೆ ಎಂದು ಗಾಬರಿಯಾಗುವ ಮೊದಲು ಆ ಪ್ರಿಂಟ್‌ನಲ್ಲಿ ನಿದ್ದೆಯ ವೇಗ ಬೇರೆ ಇಟ್ಟಿದ್ದಾರಾ ನೋಡಿ. ದಿನಾ ರಾತ್ರಿ ಒಂದೇ ಹೊತ್ತಿಗೆ ಒಂದೆರಡು ನಿಮಿಷ ಎದೆ ಬಡಿದುಕೊಂಡು ಎಚ್ಚರವಾಗುತ್ತಿದ್ದರೆ, ಡಬ್ಬಿ ತನ್ನ ತಂತಿಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಹೊತ್ತು ಅದಾಗಿರಬಹುದು. ಹೊತ್ತು ಬದಲಿಸಲು ಕೇಳಬಹುದು. ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ ಮಾತ್ರ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ತಾಯಿ, “ಸಾರ್, ನಮ್ಮ ಯಜಮಾನ್ರು ಟ್ರ್ಯಾಕ್ಟರ್ ಓಡಿಸ್ತಾರೆ, ಇಳಿದ್ಮೇಲೂ ಎದೆ ಹೊಡ್ಕೊಳ್ತಾ ಇರುತ್ತೆ ಅಂತಾರೆ, ಬಿಡಿಸ್ಬೇಕಾ?” ಎಂದು ಕೇಳಿದರು. ಬಿಡಿಸಬೇಕಾಗಿಲ್ಲಮ್ಮ. ಟ್ರ್ಯಾಕ್ಟರ್ ಕುಲುಕಾಟಕ್ಕೆ ಸೆನ್ಸರ್ ವೇಗ ಏರಿಸುತ್ತದೆ, ಇಳಿದ ಮೇಲೆ ವೇಗ ನಿಧಾನಕ್ಕೆ ಇಳಿಯುವಂತೆ ಸೆಟ್ ಮಾಡಿರುತ್ತಾರೆ, ಅದಕ್ಕೇ ಕೆಲವು ನಿಮಿಷ ಹಾಗಾಗುತ್ತದೆ. ಮುಂದಿನ ಚೆಕಪ್‌ನಲ್ಲಿ ಟ್ರ್ಯಾಕ್ಟರ್ ವಿಷಯ ಹೇಳಿದರೆ ಸೆನ್ಸರ್ ಅಷ್ಟು ಚುರುಕಾಗದಂತೆ ತಗ್ಗಿಸುತ್ತಾರೆ. ಕೆಲವು ನಿಮಿಷಕ್ಕೆ ಇಳಿಯದೆ ಮೇಲ್ಮಿತಿಯಲ್ಲೇ ನಿಂತರೆ ಮಾತ್ರ ಅದು ಬೇರೆ ಕಥೆ, ಅವತ್ತೇ ಬನ್ನಿ.

ಇನ್ನೊಬ್ಬರದು ಮೊಬೈಲ್ ಪ್ರಶ್ನೆ. ಅಂಗಿಯ ಎಡಜೇಬಿನಲ್ಲಿ ಡಬ್ಬಿಯ ಮೇಲೆಯೇ ಇಡಬೇಡಿ, 15 ಸೆಂಟಿಮೀಟರ್ ದೂರ ಇರಲಿ. ಈಚಿನ ಕೆಲವು ಫೋನ್‌ಗಳ ಬೆನ್ನಲ್ಲಿ, ಇಯರ್‌ಫೋನ್ ಡಬ್ಬಿಯ ಮುಚ್ಚಳದಲ್ಲಿ ಮ್ಯಾಗ್ನೆಟ್ ಇರುತ್ತದೆ, ಈಗತಾನೇ ಹೇಳಿದ ಮ್ಯಾಗ್ನೆಟ್ ಪರೀಕ್ಷೆಯೇ ಜೇಬಿನಲ್ಲಿ ನಡೆದುಬಿಡಬಹುದು.

ಕೊನೆಗೆ ಪಂಪ್‌ಸೆಟ್ ಬಗ್ಗೆ ಕೇಳಿದ ಅಣ್ಣನಿಗೆ: ಮೋಟಾರ್ ಓಡುತ್ತಿದ್ದರೆ ಪಕ್ಕದಲ್ಲಿ ನಿಂತರೆ ತೊಂದರೆಯಿಲ್ಲ, ಮೈಗೆ ಸೋರುವ ಕರೆಂಟಿನದೇ ಭಯ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿದಾಗ ಜುಮ್ಮೆನ್ನದಷ್ಟು ಸಣ್ಣ ಸೋರಿಕೆಯೂ ಸೆಕೆಂಡಿಗೆ 50 ಸಲ ತಂತಿಯೊಳಗೆ ಗುಯ್‌ಗುಟ್ಟುತ್ತದೆ. ಡಬ್ಬಿ ಅದನ್ನು ಹೃದಯದ ಬಡಿತವೆಂದು ನಂಬಿ ತನ್ನ ಬಡಿತ ನಿಲ್ಲಿಸಬಹುದು. ಗದ್ದಲವೆಂದು ಗುರುತಿಸಿದರೆ ಹೃದಯವನ್ನು ಕೇಳುವುದು ಬಿಟ್ಟು ಒಂದೇ ಸಮ ಬಡಿತ ಕೊಡಬಹುದು. ಎರಡೂ ಬೇಡ. ಪೆಟ್ಟಿಗೆಗೆ ಅರ್ಥಿಂಗ್ ಸರಿಯಿದೆಯಾ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಒಣಗಿದ ಬಲಗೈಯಲ್ಲಿ ಸ್ವಿಚ್ ಒತ್ತಿ. ಹಿಡಿದ ಕೂಡಲೇ ತಲೆ ಹಗುರಾದಂತೆ ಆದರೆ ಕೈಬಿಟ್ಟು ಹಿಂದೆ ಸರಿಯಿರಿ, ಬಿಟ್ಟ ಕೂಡಲೇ ಡಬ್ಬಿ ಮಾಮೂಲಿಗೆ ಬರುತ್ತದೆ.